ಬೀಚ್ ರಿಸಾರ್ಟ್‌ಗೆ ಮೆಂಬರ್ ಆಗಿ ಹೋಗುವಾಗ: ಬುಕಿಂಗ್‌ನಿಂದ ಬಿಲ್‌ವರೆಗೆ

ಹೋಟೆಲ್‌ಗಳ ಲಾಯಲ್ಟಿ ಕಾರ್ಯಕ್ರಮ, ಅಂದರೆ ಮತ್ತೆಮತ್ತೆ ಬರುವ ಮೆಂಬರ್‌ಗಳಿಗೆ ಪಾಯಿಂಟ್ಸ್ ಮತ್ತು ಸವಲತ್ತು ಕೊಡುವ ಏರ್ಪಾಡು, ಹುಟ್ಟಿದ್ದು ರಜೆ ಕಳೆಯುವವರಿಗಾಗಿ ಅಲ್ಲ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಹಾರಿದ ಮೈಲುಗಳಿಗೆ ಲೆಕ್ಕ ಇಟ್ಟು ಉಚಿತ ಟಿಕೆಟ್ ಕೊಡಲು ಶುರುಮಾಡಿತು. ಎರಡೇ ವರ್ಷದಲ್ಲಿ, 1983ರಲ್ಲಿ, ಹಾಲಿಡೇ ಇನ್ ಮತ್ತು ಮ್ಯಾರಿಯಟ್ ಅದೇ ದಾರಿ ಹಿಡಿದವು. ಅವರು ಹಿಡಿದಿಟ್ಟುಕೊಳ್ಳಲು ಬಯಸಿದ್ದು ಕಂಪನಿ ಕೆಲಸಕ್ಕಾಗಿ ವಾರವಾರವೂ ಊರೂರು ಸುತ್ತುವ ಗಿರಾಕಿಗಳನ್ನು. ಲೇಟ್ ಚೆಕ್‌ಔಟ್, ಲೌಂಜ್, ದೊಡ್ಡ ಕೋಣೆಗೆ ಅಪ್‌ಗ್ರೇಡ್, ಈ ಸವಲತ್ತುಗಳೆಲ್ಲ ಅವರ ದಿನಚರಿಯನ್ನು ನೋಡಿಯೇ ಮಾಡಿದಂಥವು.

ಬೀಚ್ ರಿಸಾರ್ಟ್‌ನ ಲೆಕ್ಕವೇ ಬೇರೆ. ಅಲ್ಲಿ ಎಲ್ಲರೂ ಬರುವುದು ರಜೆಯಲ್ಲೇ, ಅದೂ ಹೆಚ್ಚುಕಡಿಮೆ ಒಂದೇ ವಾರಗಳಲ್ಲಿ. ಬಂದವರು ಒಂದು ರಾತ್ರಿಗೆ ಹೊರಡುವುದಿಲ್ಲ, ನಾಲ್ಕೈದು ದಿನ ಇರುತ್ತಾರೆ. ವರ್ಷವಿಡೀ ಕೂಡಿಟ್ಟ ಪಾಯಿಂಟ್ಸನ್ನು ಖರ್ಚು ಮಾಡಲು ಬಂದ ಮೇಲ್ದರ್ಜೆಯ ಮೆಂಬರ್‌ಗಳೂ ಅವರಲ್ಲಿ ಬಹಳ ಮಂದಿ. ಹಾಗಾಗಿ ಕೊಡಲು ಖಾಲಿ ಕೋಣೆ ಇರುವುದಿಲ್ಲ. ನನ್ನ ಅಭಿಪ್ರಾಯ ಇಷ್ಟು: ಬೀಚ್ ರಿಸಾರ್ಟ್‌ನಲ್ಲಿ ನಿಮ್ಮ ಪಾಯಿಂಟ್ಸ್‌ಗೆ ಒಳ್ಳೆಯ ಬೆಲೆ ಸಿಗುತ್ತದೆ, ನಿಮ್ಮ ಸ್ಟೇಟಸ್‌ಗೆ (ತಂಗಿದ ರಾತ್ರಿಗಳ ಲೆಕ್ಕದಲ್ಲಿ ಸಿಗುವ ಮೆಂಬರ್ ದರ್ಜೆಗೆ) ಸಿಗುವುದಿಲ್ಲ. ಇದನ್ನು ಮೊದಲೇ ತಿಳಿದು ಯೋಜನೆ ಹಾಕಿದವರಿಗೆ ರಜೆ ಸುಖವಾಗಿ ಸಾಗುತ್ತದೆ. ಕಾರ್ಡಿನ ಬಣ್ಣ ನಂಬಿಕೊಂಡು ಹೋದವರು ಮೊದಲ ಸಂಜೆಯನ್ನು ರಿಸೆಪ್ಶನ್‌ನಲ್ಲಿ ವಾದ ಮಾಡುತ್ತ ಕಳೆಯುತ್ತಾರೆ.

1. ಮೊದಲು ನಿಯಮಗಳಲ್ಲಿ ‘ರಿಸಾರ್ಟ್’ ಪದ ಹುಡುಕಿ

ನಿಮ್ಮ ಕಾರ್ಯಕ್ರಮದ ನಿಯಮಗಳ ಪುಟ ತೆರೆದು ಅದರಲ್ಲಿ ‘ರಿಸಾರ್ಟ್’ ಎಂಬ ಪದ ಎಲ್ಲೆಲ್ಲಿ ಬರುತ್ತದೆ ಎಂದು ಹುಡುಕಿ ಓದಿ. ಪೂರ್ತಿ ಓದಬೇಕಿಲ್ಲ. ವಿನಾಯಿತಿಗಳೆಲ್ಲ ಆ ಪದದ ಆಸುಪಾಸಿನಲ್ಲೇ ಇರುತ್ತವೆ.

ಮ್ಯಾರಿಯಟ್‌ನ ಕಾರ್ಯಕ್ರಮವಾದ ಬಾನ್‌ವಾಯ್‌ನಲ್ಲಿ ಪ್ಲಾಟಿನಂ ದರ್ಜೆಗೆ ವರ್ಷಕ್ಕೆ 50 ರಾತ್ರಿ ಬೇಕು. ಆ ದರ್ಜೆಯವರಿಗೆ ಸಂಜೆ 4 ಗಂಟೆಯ ಚೆಕ್‌ಔಟ್ ಇದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ರಿಸಾರ್ಟ್‌ಗಳಲ್ಲೂ ಕನ್ವೆನ್ಷನ್ ಹೋಟೆಲ್‌ಗಳಲ್ಲೂ ಅದು ಖಾತರಿಯಲ್ಲ, ಕೋಣೆ ಖಾಲಿ ಇದ್ದರೆ ಮಾತ್ರ. ಹಯಾತ್‌ನ ಗ್ಲೋಬಲಿಸ್ಟ್ ಆಗಲು 60 ರಾತ್ರಿ ಬೇಕು; ಅವರ 4 ಗಂಟೆಯ ಚೆಕ್‌ಔಟ್‌ಗೂ ರಿಸಾರ್ಟ್‌ನಲ್ಲಿ ಇದೇ ಷರತ್ತು. ಹಿಲ್ಟನ್‌ನ ಆನರ್ಸ್ ಕಾರ್ಯಕ್ರಮ ಬಹುತೇಕ ದರ್ಜೆಗಳಿಗೆ ಲೇಟ್ ಚೆಕ್‌ಔಟನ್ನು ಲಭ್ಯತೆಗೇ ಬಿಟ್ಟಿದೆ.

ಬೆಳಗಿನ ತಿಂಡಿಯ ವಿಷಯ ಇನ್ನೂ ಗೋಜಲು. ಒಂದೇ ಕಂಪನಿಯ ಒಂದು ಬ್ರ್ಯಾಂಡ್‌ನಲ್ಲಿ ತಿಂಡಿ ಉಚಿತ, ಪಕ್ಕದ ಇನ್ನೊಂದು ಬ್ರ್ಯಾಂಡ್‌ನಲ್ಲಿ ಬರೀ ಪಾಯಿಂಟ್ಸ್. ಉದಾಹರಣೆಗೆ ರಿಟ್ಜ್-ಕಾರ್ಲ್‌ಟನ್ ಬಾನ್‌ವಾಯ್‌ನೊಳಗೇ ಇದ್ದರೂ ಪ್ಲಾಟಿನಂ ಮೆಂಬರ್‌ಗೆ ಅಲ್ಲಿ ಉಚಿತ ತಿಂಡಿಯ ಹಕ್ಕಿಲ್ಲ. ಹಿಲ್ಟನ್ 2021ರಿಂದ ಅಮೆರಿಕದ ಹಲವು ಬ್ರ್ಯಾಂಡ್‌ಗಳಲ್ಲಿ ತಿಂಡಿಯ ಬದಲು ದಿನಕ್ಕಿಷ್ಟು ಎಂದು ಊಟ-ಪಾನೀಯದ ಕ್ರೆಡಿಟ್ ಕೊಡುತ್ತಿದೆ. ಬೇರೆ ದೇಶಗಳಲ್ಲಿ ತಿಂಡಿಯೇ ಉಳಿದಿದೆ. ರಿಸಾರ್ಟ್‌ನಲ್ಲಿ ತಿಂಡಿಗೆ ಹೊರಗೆಲ್ಲೋ ಹೋಗಿಬರುವುದು ಸುಲಭವಲ್ಲ. ನಾಲ್ಕು ಜನರ ಕುಟುಂಬಕ್ಕೆ ಐದು ದಿನದ ತಿಂಡಿ ಎಂದರೆ ಅದು ಬಾಡಿಗೆಯ ಜೊತೆಗೇ ಲೆಕ್ಕ ಹಾಕಬೇಕಾದ ಮೊತ್ತ. ಬುಕ್ ಮಾಡುವ ಮುನ್ನವೇ ಇದನ್ನು ಖಚಿತಪಡಿಸಿಕೊಳ್ಳಿ, ಮಕ್ಕಳೂ ಅದರಲ್ಲಿ ಸೇರುತ್ತಾರೆಯೇ ಎಂದು ಸಹ ಕೇಳಿ. ಸಾಮಾನ್ಯವಾಗಿ ಸೇರುವುದು ಇಬ್ಬರು ಮಾತ್ರ.

2. ಪಾಯಿಂಟ್ಸೋ ಹಣವೋ: ಕೂತು ಲೆಕ್ಕ ಹಾಕಿ

ಈ ಲೇಖನದಲ್ಲಿ ಒಂದೇ ಒಂದು ಹಂತಕ್ಕೆ ಸಮಯ ಕೊಡುವಿರಾದರೆ ಇದಕ್ಕೇ ಕೊಡಿ.

ಒಂದು ರಾತ್ರಿಯ ಬಾಡಿಗೆ 25,000, ತೆರಿಗೆ 4,000, ರಿಸಾರ್ಟ್ ಶುಲ್ಕ (ಬಾಡಿಗೆಯ ಮೇಲೆ ದಿನಕ್ಕಿಷ್ಟು ಎಂದು ಕಡ್ಡಾಯವಾಗಿ ಹಾಕುವ ಮೊತ್ತ) 3,000 ಎಂದಿಟ್ಟುಕೊಳ್ಳಿ. ಯಾವ ದೇಶದ ಹಣವಾದರೂ ಲೆಕ್ಕ ಇದೇ. ಒಟ್ಟು 32,000. ಅದೇ ಕೋಣೆ 50,000 ಪಾಯಿಂಟ್ಸ್‌ಗೆ ಸಿಗುತ್ತದೆ. ಪಾಯಿಂಟ್ಸ್ ಕೊಟ್ಟರೆ ರಿಸಾರ್ಟ್ ಶುಲ್ಕವೂ ಮಾಫಿ ಆಗುವ ಕಾರ್ಯಕ್ರಮವಾದರೆ ಉಳಿಯುವುದು 32,000, ಅಂದರೆ ಒಂದು ಪಾಯಿಂಟ್‌ಗೆ 0.64. ಶುಲ್ಕವನ್ನು ಹೇಗೂ ಕಟ್ಟಬೇಕೆಂದಾದರೆ ಉಳಿಯುವುದು 29,000, ಪಾಯಿಂಟ್‌ಗೆ 0.58.

ಇಲ್ಲಿ ಕಾರ್ಯಕ್ರಮಗಳ ನಡುವಿನ ವ್ಯತ್ಯಾಸ ದೊಡ್ಡದು. ಹಿಲ್ಟನ್ ಮತ್ತು ಹಯಾತ್‌ನಲ್ಲಿ ಪೂರ್ತಿ ಪಾಯಿಂಟ್ಸ್‌ನಿಂದ ಬುಕ್ ಮಾಡಿದ ರಾತ್ರಿಗಳಿಗೆ ರಿಸಾರ್ಟ್ ಶುಲ್ಕ ಇಲ್ಲ. ಹಯಾತ್ ಗ್ಲೋಬಲಿಸ್ಟ್‌ಗಳಿಗಂತೂ ಹಣ ಕೊಟ್ಟು ಉಳಿದರೂ ಇಲ್ಲ. ಮ್ಯಾರಿಯಟ್‌ನಲ್ಲಿ ಪಾಯಿಂಟ್ಸ್ ಕೊಟ್ಟ ರಾತ್ರಿಗೂ ಶುಲ್ಕ ಬೀಳುತ್ತದೆ. ಹಿಲ್ಟನ್‌ನಲ್ಲಿ ಅರ್ಧ ಪಾಯಿಂಟ್ಸ್ ಅರ್ಧ ಹಣ ಎಂದು ಬುಕ್ ಮಾಡಿದರೆ ಈ ಮಾಫಿ ತಪ್ಪಿಹೋಗುತ್ತದೆ. ಆದ್ದರಿಂದ ರಿಸಾರ್ಟ್‌ನಲ್ಲಿ ಆ ಬೆರಕೆ ದರವನ್ನು ಬಿಟ್ಟುಬಿಡಿ ಎಂದೇ ಹೇಳುತ್ತೇನೆ.

ಈಗ ಐದನೇ ರಾತ್ರಿಯ ವಿಷಯ. ಬಾನ್‌ವಾಯ್‌ನಲ್ಲಿ ಸತತ ಐದು ರಾತ್ರಿ ಪಾಯಿಂಟ್ಸ್‌ನಿಂದ ಬುಕ್ ಮಾಡಿದರೆ ನಾಲ್ಕಕ್ಕೆ ಮಾತ್ರ ಪಾಯಿಂಟ್ಸ್ ಕಡಿತ. ಐದರಲ್ಲಿ ಅತಿ ಕಡಿಮೆ ಪಾಯಿಂಟ್ಸ್‌ನ ರಾತ್ರಿ ಉಚಿತ. ಇದಕ್ಕೆ ಸ್ಟೇಟಸ್ ಬೇಕಿಲ್ಲ, ಯಾವ ಮೆಂಬರ್‌ಗಾದರೂ ಸಿಗುತ್ತದೆ. ಹಿಲ್ಟನ್‌ನಲ್ಲಿ ಸಿಲ್ವರ್ ಅಥವಾ ಮೇಲಿನ ದರ್ಜೆ ಇರಬೇಕು, ಕೋಣೆಯೂ ಸ್ಟ್ಯಾಂಡರ್ಡ್ ರಿವಾರ್ಡ್ (ಪಾಯಿಂಟ್ಸ್‌ಗೆ ಸಿಗುವ ಸಾಮಾನ್ಯ ವರ್ಗದ ಕೋಣೆ) ಆಗಿರಬೇಕು. ಮೇಲಿನ ಲೆಕ್ಕಕ್ಕೆ ಇದನ್ನು ಹಚ್ಚಿ: ಐದು ರಾತ್ರಿಗೆ 2,00,000 ಪಾಯಿಂಟ್ಸ್. ಶುಲ್ಕ ಮಾಫಿ ಇದ್ದರೆ 1,60,000 ಉಳಿತಾಯ, ಪಾಯಿಂಟ್‌ಗೆ 0.80. ಮಾಫಿ ಇಲ್ಲದಿದ್ದರೆ 1,45,000, ಪಾಯಿಂಟ್‌ಗೆ 0.725. ನಾಲ್ಕು ರಾತ್ರಿಯ ಯೋಜನೆಯನ್ನು ಐದಕ್ಕೆ ಏರಿಸಿದರೆ ಒಂದು ಪಾಯಿಂಟೂ ಹೆಚ್ಚು ಹೋಗುವುದಿಲ್ಲ. ಬೀಚ್‌ನಲ್ಲಿ ಐದು ದಿನ ಇರುವುದು ಸಹಜವೇ ಆದ್ದರಿಂದ ಈ ನಿಯಮ ನಗರದ ಹೋಟೆಲ್‌ಗಿಂತ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಿಮಗೆ ಬಂದ ಅಂಕಿಯನ್ನು ಪಾಯಿಂಟ್ಸ್ ಖರೀದಿಸುವ ದರದ ಜೊತೆ ಹೋಲಿಸಿ. ಹಣ ಕೊಟ್ಟಿದ್ದರೆ ಹೊಸ ಪಾಯಿಂಟ್ಸ್ ಬರುತ್ತಿತ್ತಲ್ಲ, ಅದನ್ನೂ ಕಳೆಯಿರಿ. ಅಕೋರ್ ಹೋಟೆಲ್ ಸರಣಿಯ ಮೆಂಬರ್‌ಗಳಿಗೆ ಈ ತಲೆನೋವೇ ಇಲ್ಲ: 2,000 ಪಾಯಿಂಟ್ಸ್ ಎಂದರೆ ಬಿಲ್‌ನಲ್ಲಿ 40 ಯೂರೋ ಕಡಿತ. ಹೆಚ್ಚಿನ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಕಡಿಮೆ ಪಾಯಿಂಟ್ಸ್‌ಗೆ ಸಿಗುವ ದಿನಗಳನ್ನು ಕಂಡು ಹಿಗ್ಗುವ ಮುನ್ನ ಅವು ಯಾಕೆ ಕಡಿಮೆ ಎಂದು ನೋಡಿ. ಅಟ್ಲಾಂಟಿಕ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಕೆರಿಬಿಯನ್ ತೀರಗಳಲ್ಲಿ ವರ್ಷದ ಕೆಲವು ತಿಂಗಳು ಸರ್ಗಾಸಮ್ ಎಂಬ ಕಂದು ಪಾಚಿ ರಾಶಿರಾಶಿಯಾಗಿ ದಡಕ್ಕೆ ಬಂದು ಕೊಳೆಯುತ್ತದೆ. ಮಳೆಗಾಲದಲ್ಲಿ ಎಷ್ಟೋ ಕಡೆ ನೀರಿಗಿಳಿಯಲು ಬಿಡುವುದೇ ಇಲ್ಲ. ಈಜುಕೊಳ, ಓದು, ನಿದ್ದೆ ಇಷ್ಟೇ ಸಾಕೆನ್ನುವವರಿಗೆ ಇವು ಒಳ್ಳೆಯ ದಿನಗಳೇ. ಸಮುದ್ರಕ್ಕಾಗಿಯೇ ಹೋಗುವವರಿಗೆ ಅಲ್ಲ.

3. ಬುಕಿಂಗ್ ಹೋಟೆಲ್‌ನ ಸ್ವಂತ ಜಾಲತಾಣದಲ್ಲೇ

ಬೇರೆ ಟ್ರಾವೆಲ್ ಆ್ಯಪ್‌ಗಳಲ್ಲಿ ಬುಕ್ ಮಾಡಿದ ಕೋಣೆಗೆ ಸಾಮಾನ್ಯವಾಗಿ ಪಾಯಿಂಟ್ಸ್ ಇಲ್ಲ, ರಾತ್ರಿಗಳ ಲೆಕ್ಕ ಇಲ್ಲ, ಸ್ಟೇಟಸ್‌ನ ಸವಲತ್ತು ಕೊಡಲೇಬೇಕೆಂಬ ಕಡ್ಡಾಯವೂ ಇಲ್ಲ. ಅಲ್ಲಿ ದರ ತುಂಬ ಕಡಿಮೆ ಕಂಡರೆ ಹೋಟೆಲ್‌ನ ‘ಬೆಸ್ಟ್ ರೇಟ್’ ಖಾತರಿಯಡಿ ಅರ್ಜಿ ಹಾಕಿ. ಮ್ಯಾರಿಯಟ್‌ನಲ್ಲಿ ಬುಕ್ ಮಾಡಿದ 24 ಗಂಟೆಯೊಳಗೆ ಕೇಳಬೇಕು. ಕೋಣೆಯ ವರ್ಗ, ದಿನಾಂಕ, ರದ್ದತಿಯ ಷರತ್ತು ಎಲ್ಲವೂ ಒಂದೇ ಆಗಿದ್ದರೆ ಮಾತ್ರ ಒಪ್ಪುತ್ತಾರೆ.

ಎರಡು ಕುಟುಂಬ ಒಟ್ಟಿಗೆ ಹೋಗುವುದಾದರೆ: ಮ್ಯಾರಿಯಟ್ ಮತ್ತು ಹಯಾತ್‌ನಲ್ಲಿ ಒಬ್ಬ ಮೆಂಬರ್ ತಾನೇ ಹಣ ಕೊಟ್ಟು, ತಾನೂ ಅಲ್ಲೇ ಉಳಿದರೆ ಮೂರು ಕೋಣೆಗಳವರೆಗೆ ಪಾಯಿಂಟ್ಸ್ ಪಡೆಯಬಹುದು. ರಾತ್ರಿಗಳ ಲೆಕ್ಕ ಮಾತ್ರ ತಾನಿರುವ ಒಂದು ಕೋಣೆಗೆ. ಜೊತೆಗೆ ಬರುವವರೂ ಮೆಂಬರ್ ಆಗಿದ್ದರೆ ಅವರ ಕೋಣೆಯನ್ನು ಅವರ ಹೆಸರಲ್ಲೇ ಬುಕ್ ಮಾಡುವುದು ಒಳ್ಳೆಯದು.

ರದ್ದತಿಯ ಗಡುವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ನಗರದ ಹೋಟೆಲ್‌ಗಳಲ್ಲಿ ಒಂದೆರಡು ದಿನ ಮುಂಚೆ ರದ್ದು ಮಾಡಿದರೆ ನಡೆಯುತ್ತದೆ. ರಿಸಾರ್ಟ್‌ಗಳು ಏಳು, ಹದಿನಾಲ್ಕು, ಹಬ್ಬದ ಸೀಸನ್‌ನಲ್ಲಿ ಮೂವತ್ತು ದಿನ ಅಥವಾ ಇನ್ನೂ ಮುಂಚೆಯೇ ಹೇಳಬೇಕೆನ್ನುತ್ತವೆ. ಆ ಗಡುವಿಗೆ ಎರಡು ದಿನ ಮುಂಚೆ ಒಮ್ಮೆ ಅದೇ ಕೋಣೆಯ ದರ ಮತ್ತೆ ನೋಡಿ. ಪಾಯಿಂಟ್ಸ್‌ನ ಬೆಲೆ ದಿನದಿನಕ್ಕೆ ಏರಿಳಿಯುವ ಕಾರ್ಯಕ್ರಮಗಳಲ್ಲಿ ಅದು ಇಳಿದಿರುವ ಸಾಧ್ಯತೆ ಇರುತ್ತದೆ. ಇಳಿದಿದ್ದರೆ ಹೊಸದಾಗಿ ಬುಕ್ ಮಾಡಿ, ಖಚಿತವಾದ ಮೇಲೆ ಹಳೆಯದನ್ನು ರದ್ದು ಮಾಡಿ. ಈ ಕ್ರಮವನ್ನು ತಿರುಗುಮುರುಗು ಮಾಡಬೇಡಿ.

ದ್ವೀಪದ ರಿಸಾರ್ಟ್ ಆದರೆ ಅಲ್ಲಿಗೆ ತಲುಪುವ ಖರ್ಚನ್ನು ಪ್ರತ್ಯೇಕವಾಗಿ ಕೇಳಿ. ಮಾಲ್ಡೀವ್ಸ್‌ನಲ್ಲಿ ಸ್ಪೀಡ್‌ಬೋಟ್ ಅಥವಾ ಸೀಪ್ಲೇನ್ ದರ ಪಾಯಿಂಟ್ಸ್‌ನಲ್ಲಿ ಸೇರುವುದಿಲ್ಲ. ಸೀಪ್ಲೇನ್‌ಗಳು ಹಗಲಲ್ಲಿ ಮಾತ್ರ ಹಾರುತ್ತವೆ; ನಿಮ್ಮ ವಿಮಾನ ಸಂಜೆ ಇಳಿದರೆ ಒಂದು ರಾತ್ರಿ ಬೇರೆಡೆ ತಂಗಬೇಕು. ಊಟತಿಂಡಿ ಎಲ್ಲ ಸೇರಿದ ಆಲ್-ಇನ್‌ಕ್ಲೂಸಿವ್ ರಿಸಾರ್ಟ್‌ಗಳಲ್ಲಿ ಪಾಯಿಂಟ್ಸ್ ದರ ಸಾಮಾನ್ಯವಾಗಿ ಇಬ್ಬರಿಗೆ. ಮೂರನೆಯವರಿಗೂ ಮಕ್ಕಳಿಗೂ ಬೇರೆ ಮೊತ್ತ ಇದೆಯೇ ಎಂದು ಮೊದಲೇ ತಿಳಿದುಕೊಳ್ಳಿ.

4. ಕೋಣೆಯ ಹೆಸರಿನ ಹಿಂದೆ ಏನಿದೆ

‘ಓಷನ್ ಫ್ರಂಟ್’ ಎಂದರೆ ಕೋಣೆ ನೇರ ಸಮುದ್ರಕ್ಕೆ ಮುಖ ಮಾಡಿದೆ. ‘ಓಷನ್ ವ್ಯೂ’ ಎಂದರೆ ಎಲ್ಲಿಂದಲೋ ಸಮುದ್ರ ಕಾಣುತ್ತದೆ. ‘ಪಾರ್ಷಿಯಲ್’ ಅಂತ ಇದ್ದರೆ ಬಾಲ್ಕನಿಯ ಒಂದು ಮೂಲೆಯಲ್ಲಿ ನಿಂತು ಕತ್ತು ಹೊರಳಿಸಿದಾಗ ಕಾಣುವ ನೀಲಿ ಪಟ್ಟಿಯೂ ಲೆಕ್ಕಕ್ಕೆ ಬರುತ್ತದೆ. ‘ಗಾರ್ಡನ್ ವ್ಯೂ’ನಲ್ಲಿ ಗಿಡಮರವೂ ಇರಬಹುದು, ಪಾರ್ಕಿಂಗ್ ಜಾಗವೂ ಇರಬಹುದು. ಉಪಗ್ರಹ ನಕ್ಷೆ ತೆರೆದು ರಿಸಾರ್ಟ್‌ನ ಕಟ್ಟಡಗಳು ಹೇಗೆ ಹರಡಿವೆ, ಬೀಚ್ ಯಾವ ಬದಿಗಿದೆ, ಮಧ್ಯೆ ರಸ್ತೆ ಹಾದುಹೋಗುತ್ತದೆಯೇ ಎಂದು ನೋಡಿ. ವಯಸ್ಸಾದವರು ಜೊತೆಗಿದ್ದರೆ ರಿಸೆಪ್ಶನ್‌ನಿಂದ ಕೋಣೆಗಿರುವ ದೂರವೂ ಮುಖ್ಯ.

ಸಮುದ್ರ ಕಾಣುವುದೇ ನಿಮ್ಮ ರಜೆಯ ಜೀವಾಳ ಎಂದಾದರೆ ಅಂಥ ಕೋಣೆಯನ್ನು ಮೊದಲೇ ಹಣ ಅಥವಾ ಪಾಯಿಂಟ್ಸ್ ಕೊಟ್ಟು ಹಿಡಿಯಿರಿ. ಅತಿ ಅಗ್ಗದ ಕೋಣೆ ಬುಕ್ ಮಾಡಿ ಅಪ್‌ಗ್ರೇಡ್‌ಗಾಗಿ ಕಾಯುವ ತಂತ್ರ ನಗರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಇಲ್ಲಿ ಅದನ್ನು ನಂಬಿ ಕೂರಬೇಡಿ. ಅಪ್‌ಗ್ರೇಡ್ ಯಾವಾಗಲೂ ಒಳಿತೂ ಅಲ್ಲ. ದೊಡ್ಡ ಸೂಟ್ ಕೊಡುತ್ತಾರೆ, ಆದರೆ ಅದು ತೋಟದ ಕಡೆಗಿರುತ್ತದೆ. ಎರಡು ಮಂಚದ ಕೋಣೆ ಕೇಳಿದ್ದ ಕುಟುಂಬಕ್ಕೆ ಒಂದೇ ಮಂಚದ ಕೋಣೆ ಬರುತ್ತದೆ. ಒಳಬಾಗಿಲಿನಿಂದ ಸೇರಿಕೊಂಡ ಜೋಡಿ ಕೋಣೆಗಳು ಬೇರೆಬೇರೆ ಮಹಡಿಗೆ ಹೋಗುತ್ತವೆ. ನಿಮಗೆ ಬೇಡವೆನಿಸಿದರೆ ಮೊದಲಿನ ಕೋಣೆಯೇ ಇರಲಿ ಎನ್ನಿ.

5. ಹೊರಡುವ ವಾರದಲ್ಲಿ ಒಂದು ಸಂದೇಶ

ನಾಲ್ಕೈದು ದಿನ ಮೊದಲು ಆ್ಯಪ್‌ನ ಚಾಟ್‌ನಲ್ಲಿ ಅಥವಾ ಇಮೇಲ್‌ನಲ್ಲಿ ನೇರವಾಗಿ ಆ ರಿಸಾರ್ಟ್‌ಗೇ ಬರೆಯಿರಿ. ಕಂಪನಿಯ ಕಾಲ್ ಸೆಂಟರ್‌ಗಲ್ಲ. ಕೋಣೆಗಳನ್ನು ಹಂಚುವ ಕೆಲಸ ಅತಿಥಿಗಳು ಬರುವ ಮುನ್ನವೇ ಬಹುಪಾಲು ಮುಗಿದಿರುತ್ತದೆ. ಬಂದು ಕೌಂಟರ್‌ನಲ್ಲಿ ಕೇಳುವ ಹೊತ್ತಿಗೆ ಉಳಿದಿರುವುದು ಉಳಿಕೆ ಮಾತ್ರ. ಸಂದೇಶ ಚಿಕ್ಕದಾಗಿರಲಿ:

‘ನಮಸ್ಕಾರ. ನಾವು ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು 14ರಂದು ಮಧ್ಯಾಹ್ನ ಬರುತ್ತಿದ್ದೇವೆ. ತಾಯಿಯವರಿಗೆ ಮೆಟ್ಟಿಲು ಹತ್ತುವುದು ಕಷ್ಟ, ಲಿಫ್ಟ್ ಹತ್ತಿರದ ಕೋಣೆ ಸಿಕ್ಕರೆ ಉಪಕಾರ. ನಮ್ಮ ವಿಮಾನ 18ರ ರಾತ್ರಿ ಇರುವುದರಿಂದ ಅಂದು ಲೇಟ್ ಚೆಕ್‌ಔಟ್ ಸಾಧ್ಯವೇ ತಿಳಿಸಿ. ನನ್ನ ಮೆಂಬರ್ ದರ್ಜೆಗೆ ತಿಂಡಿ ಎಷ್ಟು ಜನರಿಗೆ ಸೇರುತ್ತದೆ, ರಿಸಾರ್ಟ್ ಶುಲ್ಕ ದಿನಕ್ಕೆ ಎಷ್ಟು ಎಂಬುದನ್ನೂ ತಿಳಿಸಿದರೆ ಅನುಕೂಲ.’

ಕೇಳುವುದಕ್ಕೆ ಕಾರಣವೊಂದಿದ್ದರೆ ಅದನ್ನು ಬರೆಯಿರಿ. ‘ನಾನು ಟೈಟಾನಿಯಂ ಮೆಂಬರ್’ ಎಂಬ ಮಾತು ಅವರ ಪರದೆಯ ಮೇಲೆ ಹೇಗೂ ಇದೆ. ‘ತಾಯಿಗೆ ಮೆಟ್ಟಿಲು ಕಷ್ಟ’ ಎಂಬುದು ಇಲ್ಲ. ಬಂದ ಉತ್ತರದ ಚಿತ್ರ ಫೋನ್‌ನಲ್ಲಿ ಉಳಿಸಿಕೊಳ್ಳಿ.

6. ಚೆಕ್-ಇನ್

ಈಜುಡುಗೆ, ಚಪ್ಪಲಿ, ಸನ್‌ಸ್ಕ್ರೀನ್, ಔಷಧಿ ಇರುವ ಒಂದು ಚೀಲವನ್ನು ಬೇರೆಯೇ ಇಟ್ಟುಕೊಂಡು ಬೆಳಿಗ್ಗೆಯೇ ಹೋಗಿ. ಕೋಣೆ ಸಿದ್ಧವಿಲ್ಲದಿದ್ದರೂ ಸಾಮಾನು ಕೊಟ್ಟು ಈಜುಕೊಳ, ಬೀಚ್ ಬಳಸಲು ಹೆಚ್ಚಿನ ರಿಸಾರ್ಟ್‌ಗಳು ಬಿಡುತ್ತವೆ. (ಸನ್‌ಸ್ಕ್ರೀನ್ ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ: ಹವಳದ ದಿಬ್ಬಗಳಿಗೆ ಹಾನಿ ಎಂಬ ಕಾರಣಕ್ಕೆ ಪಲಾವು ಎಂಬ ದ್ವೀಪರಾಷ್ಟ್ರ 2020ರಿಂದ, ಹವಾಯಿ 2021ರಿಂದ ಆಕ್ಸಿಬೆನ್ಜೋನ್ ಮತ್ತು ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ನಿಷೇಧಿಸಿವೆ.)

ಕೌಂಟರ್‌ನಲ್ಲಿ ಮೂರು ವಿಷಯ ಇತ್ಯರ್ಥವಾಗಲಿ. ನಿಮ್ಮ ಮೆಂಬರ್ ಸಂಖ್ಯೆ ಬುಕಿಂಗ್‌ಗೆ ಸೇರಿದೆಯೇ. ಕಾರ್ಡ್‌ನಲ್ಲಿ ಎಷ್ಟು ಮೊತ್ತ ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ಆ ಹಣ ಎಷ್ಟೋ ದಿನ ನಿಮ್ಮ ಕೈಗೆ ಸಿಗದು, ಆದ್ದರಿಂದ ಕ್ರೆಡಿಟ್ ಕಾರ್ಡ್ ಕೊಡಿ. ರಿಸಾರ್ಟ್ ಶುಲ್ಕದಲ್ಲಿ ಏನೇನು ಬರುತ್ತದೆ. ಕಯಾಕ್, ಸ್ನಾರ್ಕೆಲ್, ಬೀಚ್ ಕುರ್ಚಿ, ಮಕ್ಕಳ ಕ್ಲಬ್ ಇವುಗಳಲ್ಲಿ ಯಾವುದೋ ಸೇರಿರುತ್ತದೆ, ಹೇಳದಿದ್ದರೆ ಯಾರೂ ಬಳಸುವುದಿಲ್ಲ. ಅಮೆರಿಕದಲ್ಲಿ 2025ರ ಮೇ 12ರಿಂದ ಇಂಥ ಕಡ್ಡಾಯ ಶುಲ್ಕವನ್ನು ಜಾಹೀರಾತಿನ ಒಟ್ಟು ದರದಲ್ಲೇ ತೋರಿಸಬೇಕೆಂಬ ನಿಯಮ ಬಂದಿದೆ. ಶುಲ್ಕ ರದ್ದಾಗಿಲ್ಲ, ಬಚ್ಚಿಡುವಂತಿಲ್ಲ ಅಷ್ಟೇ.

ಕೌಂಟರ್‌ನಿಂದ ಸ್ವಲ್ಪ ದೂರದಲ್ಲಿ ಇನ್ನೊಂದು ಮೇಜು ಇರಬಹುದು. ಅಲ್ಲಿ ನಗುಮುಖದಿಂದ ಕರೆದು, ಒಂದೂವರೆ ಗಂಟೆ ಕೂತು ಮಾತು ಕೇಳಿದರೆ ಇಷ್ಟು ಸಾವಿರ ಪಾಯಿಂಟ್ಸ್ ಎನ್ನುತ್ತಾರೆ. ಅದು ಟೈಮ್‌ಶೇರ್ ಮಾರಾಟ, ಅಂದರೆ ವರ್ಷಕ್ಕೆ ಕೆಲವು ದಿನ ರಿಸಾರ್ಟ್ ಬಳಸುವ ಹಕ್ಕಿನ ಮಾರಾಟ. ಸಹಿ ಹಾಕಿದರೆ ವರ್ಷವರ್ಷವೂ ನಿರ್ವಹಣಾ ಶುಲ್ಕ ಕಟ್ಟುತ್ತಿರಬೇಕು. ಒತ್ತಡ ಹಾಕಿದಾಗ ‘ಬೇಡ’ ಅನ್ನಲು ಕಷ್ಟಪಡುವ ಸ್ವಭಾವದವರು ಆ ಕುರ್ಚಿಯಲ್ಲಿ ಕೂರಲೇಬೇಡಿ. ರಜೆಯ ಅರ್ಧ ದಿನಕ್ಕೆ ಆ ಪಾಯಿಂಟ್ಸ್‌ಗಿಂತ ಹೆಚ್ಚಿನ ಬೆಲೆ ಇದೆ.

7. ಅಲ್ಲಿರುವಾಗ

ಊಟ, ಸ್ಪಾ ಬಿಲ್‌ಗಳನ್ನು ಕೋಣೆಯ ಲೆಕ್ಕಕ್ಕೆ ಹಾಕಿಸಿ. ಅರ್ಹವಾದ ಖರ್ಚಿಗೂ ಪಾಯಿಂಟ್ಸ್ ಬರುತ್ತದೆ. ಬೇರೆಯವರು ಗುತ್ತಿಗೆಗೆ ನಡೆಸುವ ಜಲಕ್ರೀಡೆ, ಅಂಗಡಿಗಳಿಗೆ ಸಾಮಾನ್ಯವಾಗಿ ಬರುವುದಿಲ್ಲ. ಲೌಂಜ್ ಇದ್ದರೆ ಅದರ ವೇಳೆ, ಮಕ್ಕಳಿಗೆ ಪ್ರವೇಶ ಇದೆಯೇ ಎಂದು ಮೊದಲ ದಿನವೇ ಕೇಳಿ.

ಸಮುದ್ರದ ವಿಷಯದಲ್ಲಿ ರಿಸಾರ್ಟ್ ಸಿಬ್ಬಂದಿಯ ಮಾತು ಮೀರಬೇಡಿ. ಮೇಲೆ ಕೆಂಪು ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವಿನ ಜಾಗ ಜೀವರಕ್ಷಕರ ಕಣ್ಗಾವಲಿನಲ್ಲಿದೆ ಎಂದರ್ಥ. ಪೂರ್ತಿ ಕೆಂಪು ಇದ್ದರೆ ಇಳಿಯಬೇಡಿ. ನೇರಳೆ ಬಣ್ಣ ಜೆಲ್ಲಿ ಮೀನಿನಂಥ ಕುಟುಕುವ ಜೀವಿಗಳ ಸೂಚನೆ. ದಡದಿಂದ ಒಳಕ್ಕೆ ಎಳೆಯುವ ಸೆಳವಿಗೆ ಸಿಕ್ಕರೆ ಅದಕ್ಕೆ ಎದುರಾಗಿ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಹೊರಬಂದು, ಆಮೇಲೆ ದಡದ ಕಡೆ ತಿರುಗಿ. ಖಾಸಗಿ ಬೀಚ್ ಇರುವ ಎಷ್ಟೋ ರಿಸಾರ್ಟ್‌ಗಳಲ್ಲಿ ಜೀವರಕ್ಷಕರೇ ಇರುವುದಿಲ್ಲ. ಇದನ್ನು ಬುಕ್ ಮಾಡುವಾಗಲೇ ಕೇಳಿ, ಮಕ್ಕಳಿದ್ದರಂತೂ ಖಂಡಿತ ಕೇಳಿ.

ಕೋಣೆಯಲ್ಲಿ ಎಸಿ ಕೆಟ್ಟಿದ್ದರೆ, ನೀರು ಬರದಿದ್ದರೆ ಅಂದೇ ಹೇಳಿ. ಮನೆಗೆ ಬಂದು ಇಮೇಲ್ ಬರೆದರೆ ಸಿಗುವುದು ಕ್ಷಮಾಪಣೆ. ಅಲ್ಲೇ ಹೇಳಿದರೆ ಬೇರೆ ಕೋಣೆ.

8. ಕೊನೆಯ ದಿನ ಮತ್ತು ಆಮೇಲೆ

ಹಿಂದಿನ ಸಂಜೆ ಲೇಟ್ ಚೆಕ್‌ಔಟ್ ಬಗ್ಗೆ ಮತ್ತೊಮ್ಮೆ ಕೇಳಿ. ಆ ಹೊತ್ತಿಗೆ ಮರುದಿನ ಎಷ್ಟು ಜನ ಬರುತ್ತಾರೆಂದು ಅವರಿಗೆ ಸ್ಪಷ್ಟವಾಗಿ ಗೊತ್ತಿರುತ್ತದೆ. 4 ಗಂಟೆ ಆಗದಿದ್ದರೆ 1 ಗಂಟೆ ಕೇಳಿ. ಅದೂ ಆಗದಿದ್ದರೆ ಸ್ನಾನ ಮಾಡಿ ಬಟ್ಟೆ ಬದಲಿಸಲು ಅತಿಥಿಗಳಿಗೆಂದು ಇಟ್ಟ ಕೋಣೆ ಇದೆಯೇ ವಿಚಾರಿಸಿ. ರಾತ್ರಿ ವಿಮಾನ ಇರುವವರಿಗೆ ಇಷ್ಟಿದ್ದರೆ ಸಾಕು, ಸಂಜೆಯವರೆಗೂ ಬೀಚ್‌ನಲ್ಲೇ ಇರಬಹುದು.

ಬಿಲ್ಲನ್ನು ಹೊರಡುವ ಗಡಿಬಿಡಿಯಲ್ಲಿ ನೋಡಬೇಡಿ, ಹಿಂದಿನ ರಾತ್ರಿಯೇ ತರಿಸಿಕೊಳ್ಳಿ. ಪಾಯಿಂಟ್ಸ್‌ನ ರಾತ್ರಿಗಳಿಗೆ ಮಾಫಿ ಆಗಬೇಕಿದ್ದ ರಿಸಾರ್ಟ್ ಶುಲ್ಕ, ಉಚಿತವೆಂದು ಹೇಳಿದ ತಿಂಡಿ, ನೀವು ಮುಟ್ಟದ ಮಿನಿಬಾರ್, ಈ ಮೂರು ಸಾಲುಗಳನ್ನು ಬೆರಳಿಟ್ಟು ನೋಡಿ.

ಪಾಯಿಂಟ್ಸ್ ಖಾತೆಗೆ ಬರಲು ಒಂದು ವಾರದಿಂದ ಹತ್ತು ದಿನ ಹಿಡಿಯಬಹುದು. ಬರದಿದ್ದರೆ ಬಿಲ್‌ನ ಪ್ರತಿ ಲಗತ್ತಿಸಿ ಆ್ಯಪ್‌ನಲ್ಲಿರುವ ‘ಮಿಸ್ಸಿಂಗ್ ಸ್ಟೇ’ ಅರ್ಜಿ ತುಂಬಿ. ಪಾಯಿಂಟ್ಸ್ ಪೂರ್ತಿ ಖಾಲಿಯಾಗದೆ ಒಂದಿಷ್ಟು ಉಳಿದಿದ್ದರೆ ಅವುಗಳ ಆಯುಷ್ಯವನ್ನೂ ನೋಡಿಕೊಳ್ಳಿ. ಮ್ಯಾರಿಯಟ್, ಹಿಲ್ಟನ್, ಹಯಾತ್ ಮೂರರಲ್ಲೂ 24 ತಿಂಗಳು ಖಾತೆಯಲ್ಲಿ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಪಾಯಿಂಟ್ಸ್ ರದ್ದಾಗುತ್ತವೆ. ಅಷ್ಟರೊಳಗೆ ಎಲ್ಲಿಯಾದರೂ ಒಂದು ರಾತ್ರಿ ತಂಗಿದರೆ ಗಡುವು ಹೊಸದಾಗಿ ಶುರುವಾಗುತ್ತದೆ.